ಒಡ್ಡು ಕಾಯುವವರ ಕೈಗೆ ಹಣ

ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಅಳಿವೆಗಳ ಅಂಚಿನಲ್ಲಿ ಗದ್ದೆಗೂ ಉಪ್ಪುನೀರಿಗೂ ನಡುವೆ ಇರುವುದು ಒಂದು ಒಡ್ಡು ಮಾತ್ರ. ಮಣ್ಣು, ಕಲ್ಲು ಸೇರಿಸಿ ಕಟ್ಟಿದ ಈ ಒಡ್ಡು ಒಂದು ಕಡೆ ಬಾಯಿ ಬಿಟ್ಟರೆ ಸಾಕು, ಒಂದೆರಡು ಭರತದೊಳಗೆ ಬಯಲೆಲ್ಲ ಉಪ್ಪುನೀರಾಗುತ್ತದೆ. ಭತ್ತದ ಸಸಿ ಕರಟುತ್ತದೆ, ಅಂಚಿನ ತೆಂಗು ಸೊರಗುತ್ತದೆ, ಬಾವಿಯ ನೀರು ಬಾಯಿಗಿಡಲಾಗದಂತೆ ಆಗುತ್ತದೆ. ಅದು ಒಬ್ಬನ ಗದ್ದೆಯ ಎದುರು ಒಡೆದರೂ ಮುಳುಗುವುದು ಎಲ್ಲರ ಗದ್ದೆ. ಹೀಗಾಗಿ ಒಡ್ಡನ್ನು ಕಟ್ಟುವವರು ಯಾರು, ಕಾಯುವವರು ಯಾರು, ಅದಕ್ಕೆ ಬೇಕಾದ ಹಣ ಎಲ್ಲಿಂದ ಬರಬೇಕು ಎಂಬುದು ಈ ಕರಾವಳಿಯ ಬಹಳ ಹಳೆಯ ಪ್ರಶ್ನೆ.

ಈಗ ಅದೇ ಪ್ರಶ್ನೆಯನ್ನು ಜಗತ್ತಿನ ದೊಡ್ಡ ಸಭೆಗಳಲ್ಲಿ ಬೇರೆ ಮಾತಿನಲ್ಲಿ ಕೇಳಲಾಗುತ್ತಿದೆ. ಭೂಮಿ ಬಿಸಿಯಾಗಲು ಕಾರಣರಾದವರು ಒಬ್ಬರು, ಅದರ ಪೆಟ್ಟು ತಿನ್ನುವವರು ಇನ್ನೊಬ್ಬರು; ಈ ಅನ್ಯಾಯ ಸರಿಯಾಗಬೇಕು ಎಂಬ ಬೇಡಿಕೆಗೆ ಹವಾಮಾನ ನ್ಯಾಯ ಎಂದು ಹೆಸರು. ಅದಕ್ಕಾಗಿ ತೆಗೆದಿಟ್ಟ ಹಣ ಪೆಟ್ಟು ತಿಂದ ಊರಿನವರ ತೀರ್ಮಾನದಂತೆಯೇ ಖರ್ಚಾಗಬೇಕು ಎಂಬ ವಾದಕ್ಕೆ ಸಮುದಾಯ ಕೇಂದ್ರಿತ ಹಣಕಾಸು ಎನ್ನುತ್ತಾರೆ. ಮಾತುಗಳು ಹೊಸವು. ಆದರೆ ಇದರ ಹಿಂದಿನ ವ್ಯವಹಾರ ಜ್ಞಾನವನ್ನು ಕಾಳಿ, ಗಂಗಾವಳಿ ನದಿಗಳ ದಂಡೆಯ ರೈತರು ಬಹುಕಾಲದಿಂದ ಬಲ್ಲರು. ಅವರ ಪಾಠಶಾಲೆ ಗಜನಿ.

ಗಜನಿ ಎಂಬ ಬಯಲು

ಭರತದ ನೀರು ಬಂದುಹೋಗುವ ತಗ್ಗು ನೆಲಕ್ಕೆ ಒಡ್ಡು ಹಾಕಿ ಗದ್ದೆ ಮಾಡಿಕೊಂಡರೆ ಅದು ಗಜನಿ. ಗಂಗಾವಳಿಯ ದಂಡೆಯ ಮಂಜಗುಣಿ, ಸಗಡಗೇರಿಯ ಕಡೆ, ಕಾಳಿಯ ದಂಡೆಯ ಸುಂಕೇರಿ, ಕಡವಾಡದ ಕಡೆ ಇಂಥ ಬಯಲುಗಳಿವೆ. ದಕ್ಷಿಣಕ್ಕೆ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಅವು ಇನ್ನೂ ವಿಶಾಲವಾಗಿವೆ. ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆಯ ಬಾಗಿಲುಗಳಿರುತ್ತವೆ. ಕೆಲವು ಊರುಗಳಲ್ಲಿ ಇದನ್ನು ಜಂತ್ರಡಿ ಎನ್ನುತ್ತಾರೆ. ಭರತ ಬಂದಾಗ ನೀರನ್ನು ತಡೆಯಬೇಕು, ಇಳಿತದಲ್ಲಿ ಒಳಗಿನ ನೀರನ್ನು ಹೊರಬಿಡಬೇಕು. ಇಡೀ ಬೇಸಾಯ ನಿಂತಿರುವುದು ಈ ಬಾಗಿಲಿನ ಮೇಲೆ.

ಮಳೆಗಾಲ ಹಿಡಿದೊಡನೆ ಬಾಗಿಲು ಮುಚ್ಚಿ, ಸಿಹಿನೀರು ತುಂಬಿಸಿ, ಇಳಿತದಲ್ಲಿ ಹೊರಬಿಟ್ಟು ಮಣ್ಣಿನ ಉಪ್ಪನ್ನು ತೊಳೆಯುತ್ತಾರೆ. ಆಮೇಲೆ ಬಿತ್ತುವುದು ಕಗ್ಗ. ಉಪ್ಪನ್ನೂ ನೆರೆಯನ್ನೂ ತಾಳುವ, ಎತ್ತರಕ್ಕೆ ಬೆಳೆಯುವ ಈ ಕೆಂಪಕ್ಕಿಯ ಭತ್ತ ಹಲವು ದಿನ ನೀರಿನಡಿ ಇದ್ದರೂ ಸಾಯದು. ಗೊಬ್ಬರ ಬೇಡ, ಔಷಧಿ ಬೇಡ. ನೀರಿನೊಡನೆ ಬಂದ ಗೋಡೇ ಸಾಕು. ಇಳುವರಿ ಕಡಿಮೆಯಾದರೂ ಭರವಸೆಯ ಬೆಳೆ. ಕೊಯ್ಲು ಮುಗಿದ ಮೇಲೆ ಬಾಗಿಲು ತೆರೆದರೆ ಭರತದ ನೀರಿನ ಜೊತೆ ಶೆಟ್ಲಿ, ಏಡಿ, ಮೀನಿನ ಮರಿಗಳು ಒಳಬರುತ್ತವೆ. ಭತ್ತದ ಕೂಳೆ ತಿಂದು ಬೆಳೆಯುತ್ತವೆ. ಇಳಿತದ ಹೊತ್ತಿಗೆ ಜಂತ್ರಡಿಯ ಬಾಯಿಗೆ ಬಲೆ ಕಟ್ಟಿದರೆ ಮೀನು. ಒಂದೇ ನೆಲದಲ್ಲಿ ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಮೀನು.

ಒಡ್ಡಿಗೆ ಶತ್ರುಗಳು ಹಲವು. ಏಡಿ ತೋಡಿದ ಬಿಲದಿಂದ ಮೊದಲು ನೀರು ಜಿನುಗುತ್ತದೆ, ಆಮೇಲೆ ಹರಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಭರತದಲ್ಲಿ ಆ ಜಾಗ ಕುಸಿಯುತ್ತದೆ. ಒಡೆದ ಬಾಯಿಯನ್ನು ಅಷ್ಟಮಿ ನವಮಿಯ ಸುಮಾರಿಗೆ, ಭರತದ ಏರಿಳಿತ ಕಡಿಮೆ ಇರುವಾಗ, ಮುಚ್ಚಿಬಿಡಬೇಕು. ಆ ಕೆಲವು ದಿನ ತಪ್ಪಿದರೆ ಮುಂದಿನ ದೊಡ್ಡ ಭರತ ಬಾಯಿಯನ್ನು ಇನ್ನಷ್ಟು ಅಗಲ ಮಾಡುತ್ತದೆ. ಎಂದರೆ ಒಡ್ಡಿನ ದುರಸ್ತಿಗೆ ಆಳು ಮತ್ತು ಹಣ ಎರಡೂ ಬೇಕು. ಅದಕ್ಕಿಂತ ಮುಖ್ಯವಾಗಿ ಅವು ಒಂದು ಪಕ್ಷದೊಳಗೆ ಕೈಗೆ ಸಿಗಬೇಕು.

ಬಾಗಿಲ ಹಣ ಒಡ್ಡಿಗೆ

ಹಳೆಯ ಏರ್ಪಾಡಿನ ಜಾಣತನ ಇರುವುದು ಇಲ್ಲಿ. ಒಡ್ಡಿನ ವಾರ್ಷಿಕ ಕೆಲಸಕ್ಕೆ ಗಜನಿಯಲ್ಲಿ ಪಾಲಿದ್ದ ಮನೆಗಳು ಆಳು ಕೊಡುತ್ತಿದ್ದವು. ಜಂತ್ರಡಿಯ ಬಾಯಲ್ಲಿ ಮೀನು ಹಿಡಿಯುವ ಹಕ್ಕು ಒಬ್ಬರದಲ್ಲ, ಗಜನಿಯದು. ಅದನ್ನು ಹರಾಜು ಹಾಕಿ, ಬಂದ ಹಣದಲ್ಲಿ ಮೊದಲು ಒಡ್ಡು, ಬಾಗಿಲುಗಳ ಖರ್ಚು ತೆಗೆದು, ಉಳಿದುದನ್ನು ನೆಲದ ಪಾಲಿಗೆ ತಕ್ಕಂತೆ ಹಂಚಿಕೊಳ್ಳುವ ಪದ್ಧತಿ ಗಜನಿಗೆ ಬಹಳ ಚೆನ್ನಾಗಿ ಹೊಂದುತ್ತದೆ. ಉದಾಹರಣೆಗೆ ಹರಾಜಿನಲ್ಲಿ ನೂರು ರೂಪಾಯಿ ಬಂತೆನ್ನೋಣ. ಮೂವತ್ತು ರೂಪಾಯಿ ಒಡ್ಡಿಗೆ ಹೋದರೆ ರೈತನ ಕೈಗೆ ಈ ವರ್ಷ ಸಿಗುವುದು ಎಪ್ಪತ್ತೇ. ಆದರೆ ಒಡ್ಡು ನಿಂತಿದ್ದರೆ ಮಾತ್ರ ಮುಂದಿನ ವರ್ಷವೂ ಭತ್ತ, ಮುಂದಿನ ವರ್ಷವೂ ಹರಾಜು. ನಷ್ಟದ ಭಯ, ಲಾಭದ ಪಾಲು, ತೀರ್ಮಾನದ ಅಧಿಕಾರ ಮೂರೂ ಒಂದೇ ಗುಂಪಿನ ಕೈಯಲ್ಲಿ ಇರುವುದರಿಂದ ಲೆಕ್ಕ ತಪ್ಪುವುದಿಲ್ಲ.

ಈ ಏರ್ಪಾಡಿನ ಅತ್ಯಂತ ಸ್ಪಷ್ಟ ರೂಪ ಕಾಣುವುದು ಕಾರವಾರದಿಂದ ಗಡಿ ದಾಟಿದರೆ ಸಿಗುವ ಗೋವಾದಲ್ಲಿ. ಅಲ್ಲಿ ಇಂಥ ಬಯಲಿಗೆ ಖಾಜನ್ ಎಂದೂ ತೂಬಿಗೆ ಮಾನಸ್ ಎಂದೂ ಹೆಸರು. ಗಾಂವಕರಿ ಎಂಬ ಗ್ರಾಮಸಂಸ್ಥೆ ಪೋರ್ಚುಗೀಸರಿಗಿಂತ ಮೊದಲಿನದು. ಪೋರ್ಚುಗೀಸರು ಅದನ್ನು ಕೊಮುನಿದಾದ್ ಎಂದು ಕರೆದು ಕಾಗದಕ್ಕಿಳಿಸಿದರು. ಮಾನಸ್‌ನ ಮೀನಿನ ಹಕ್ಕು ಹರಾಜಾಗುತ್ತಿತ್ತು, ಒಡ್ಡು ನೋಡಿಕೊಳ್ಳುವ ಹೊಣೆ ಗೊತ್ತಾದ ಜನರ ಮೇಲೆ ಇರುತ್ತಿತ್ತು. 1961ರ ವಿಮೋಚನೆಯ ನಂತರ ಬಂದ ಗೇಣಿ ಕಾಯ್ದೆಗಳು ಉಳುವವನಿಗೆ ಹಕ್ಕು ಕೊಟ್ಟವು. ಅದು ನ್ಯಾಯವೇ. ಆದರೆ ಒಡ್ಡಿನ ಹೊಣೆ ಹೊಸ ಗೇಣಿದಾರರ ಸಂಘಗಳಿಗೆ ವರ್ಗವಾದಾಗ ಹಳೆಯ ಶಿಸ್ತು ಜೊತೆಗೆ ಬರಲಿಲ್ಲ. ಮೀನಿನ ಹಣ ಭತ್ತದ ಹಣಕ್ಕಿಂತ ಹೆಚ್ಚಾದ ಕಡೆ ತೂಬನ್ನು ಬೇಕೆಂದೇ ತೆರೆದಿಟ್ಟು ಗದ್ದೆಯನ್ನು ಮೀನಿನ ಕೆರೆ ಮಾಡಿದ ದೂರುಗಳೂ ಬಂದವು.

ಹೊಣೆ ಹಂಚಿಹೋದ ಬಗೆ

ಗಡಿಯ ಈಚೆಗೂ ಕತೆ ಹೆಚ್ಚು ಬೇರೆಯಲ್ಲ. 1956ರ ನವೆಂಬರ್‌ವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಆಡಳಿತಕ್ಕೆ ಸೇರಿತ್ತು. ಆ ಸರ್ಕಾರ 1948ರಲ್ಲಿ ಖಾರ್‌ಲ್ಯಾಂಡ್ ಕಾಯ್ದೆ ತಂದಿತು. ಉಪ್ಪುನೀರಿನ ನೆಲವನ್ನು ಒಡ್ಡು ಹಾಕಿ ರಕ್ಷಿಸುವುದು ಸರ್ಕಾರದ ಕಾರ್ಯಕ್ರಮವಾಯಿತು. ಈಗಲೂ ಕಾರವಾರದ ಕಡೆ ಜನ ಖಾರ್‌ಲ್ಯಾಂಡ್ ಒಡ್ಡು ಎಂದೇ ಕರೆಯುವುದುಂಟು. ಮುಂದೆ ಹಲವು ಕಡೆ ಮಣ್ಣಿನ ಒಡ್ಡಿನ ಜಾಗದಲ್ಲಿ ಸರ್ಕಾರಿ ಖರ್ಚಿನ ಕಲ್ಲಿನ ಒಡ್ಡು ಬಂತು. ಒಡ್ಡು ಗಟ್ಟಿಯಾಯಿತು, ನಿಜ. ಆದರೆ ‘ನಮ್ಮ ಒಡ್ಡು’ ಹೋಗಿ ‘ಇಲಾಖೆಯ ಒಡ್ಡು’ ಬಂತು. ಒಡೆದಾಗ ಗುದ್ದಲಿ ಹಿಡಿದು ಓಡುವ ಬದಲು ಅರ್ಜಿ ಬರೆಯುವುದು ರೂಢಿಯಾಯಿತು.

ಎರಡನೆಯ ಬದಲಾವಣೆ 1974ರದು. ದೇವರಾಜ ಅರಸು ಅವರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿಯಿಂದ ಗೇಣಿ ಪದ್ಧತಿ ರದ್ದಾಯಿತು. ಈ ಜಿಲ್ಲೆಯಲ್ಲಿ ಅದರ ಹಿಂದೆ ದೊಡ್ಡ ಹೋರಾಟವಿತ್ತು. ಅಂಕೋಲಾದವರಾದ ದಿನಕರ ದೇಸಾಯಿ ಗೇಣಿದಾರರನ್ನು ಸಂಘಟಿಸಿ ಗಡೀಪಾರಿನ ಶಿಕ್ಷೆ ಅನುಭವಿಸಿದ್ದರು. ಹಾಲಕ್ಕಿ ಒಕ್ಕಲಿಗರಂಥ ದುಡಿಯುವ ಜನಕ್ಕೆ ನೆಲದ ಹಕ್ಕು ಸಿಕ್ಕಿದ್ದು ಚರಿತ್ರಾರ್ಹ ಸಂಗತಿ. ಆದರೆ ಗೇಣಿ ಪಡೆಯುತ್ತಿದ್ದ ಒಡೆಯನಿಗೆ ಒಡ್ಡು ನಿಲ್ಲುವುದು ಸ್ವಂತ ಲಾಭದ ಮಾತೂ ಆಗಿತ್ತು. ಒಡೆಯ ಹೋದ ಮೇಲೆ ಗದ್ದೆಗಳು ಉಳುವವರ ಹೆಸರಿಗೆ ಬಂದವು, ಒಡ್ಡು ಮಾತ್ರ ಯಾರ ಪಹಣಿಗೂ ಬರಲಿಲ್ಲ.

ಮೂರನೆಯದು ಶೆಟ್ಲಿಯ ಹಣ. ರಫ್ತಿನ ಬೆಲೆ ಏರಿದ ಮೇಲೆ ಗಜನಿಗಳನ್ನು ಶೆಟ್ಲಿ ಕೃಷಿಗೆ ಗುತ್ತಿಗೆ ಕೊಡುವುದು ಹೆಚ್ಚಿತು. ಗುತ್ತಿಗೆದಾರನಿಗೆ ಉಪ್ಪುನೀರು ಹೆಚ್ಚು ತಿಂಗಳು ಬೇಕು, ಭತ್ತದವನಿಗೆ ಅದು ಬೇಗ ಹೊರಹೋಗಬೇಕು. ಬಾಗಿಲು ಒಂದೇ, ಬಯಕೆ ಎರಡು. ಗುತ್ತಿಗೆಯ ಹಣ ಹೆಚ್ಚಿದ್ದರಿಂದ ಅನೇಕ ಕಡೆ ಭತ್ತ ಸೋತಿತು. 1990ರ ದಶಕದ ನಡುವೆ ಬಿಳಿಚುಕ್ಕೆ ರೋಗ ಬಂದು ದೇಶದ ಶೆಟ್ಲಿ ಕೃಷಿಯೇ ನೆಲ ಹಿಡಿಯಿತು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಕರಾವಳಿ ನಿಯಂತ್ರಣ ವಲಯದಲ್ಲಿ ದೊಡ್ಡ ಪ್ರಮಾಣದ ಶೆಟ್ಲಿ ಉದ್ಯಮಕ್ಕೆ ತಡೆ ಹಾಕಿ, ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ಅವಕಾಶ ಉಳಿಸಿತು. ಅಷ್ಟರಲ್ಲಿ ಭತ್ತ ಬಿಟ್ಟ ಬಯಲುಗಳು ಹಲವು ಪಾಳುಬಿದ್ದಿದ್ದವು. ಕಗ್ಗದ ಬೀಜವೂ ಹಲವು ಮನೆಗಳ ಕಣಜದಿಂದ ಮರೆಯಾಗಿತ್ತು.

ಮೂರು ಬದಲಾವಣೆಗಳೂ ಒಂದೇ ಪರಿಣಾಮದತ್ತ ನಡೆದವು. ನಷ್ಟ ರೈತನ ಪಾಲಿಗೆ, ಲಾಭ ಗುತ್ತಿಗೆಯ ಪಾಲಿಗೆ, ತೀರ್ಮಾನ ಕಚೇರಿಯ ಪಾಲಿಗೆ. ಹಿಂದೆ ಒಂದಾಗಿದ್ದ ಮೂರು ಎಳೆಗಳು ಬಿಚ್ಚಿಕೊಂಡವು. ಸಮುದ್ರ ಏರತೊಡಗಿದ್ದು ಇಂಥ ಹೊತ್ತಿನಲ್ಲಿ.

ಕಡಲು ಏರಿದಾಗ

ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಸಮಿತಿಯ ಆರನೆಯ ವರದಿಯ ಪ್ರಕಾರ 1901ರಿಂದ 2018ರ ನಡುವೆ ಜಗತ್ತಿನ ಸಮುದ್ರಮಟ್ಟ ಸರಾಸರಿ 20 ಸೆಂಟಿಮೀಟರಿನಷ್ಟು ಏರಿದೆ. 2006ರಿಂದ 2018ರ ನಡುವೆ ಏರಿಕೆಯ ವೇಗ ವರ್ಷಕ್ಕೆ 3.7 ಮಿಲಿಮೀಟರು. ಅಂಕಿ ಸಣ್ಣದೆನಿಸಬಹುದು. ಆದರೆ ಗಜನಿಯ ಒಡ್ಡು ದೊಡ್ಡ ಭರತಕ್ಕಿಂತ ಮೇಲೆ ಉಳಿಯುವುದು ಕೆಲವೇ ಅಡಿ. ಅಲ್ಲಿ ಒಂದು ಗೇಣಿನ ಏರಿಕೆ ಸಣ್ಣ ಮಾತಲ್ಲ. ಹಿಂದೆ ಬಂಗಾಳ ಕೊಲ್ಲಿಗೆ ಹೋಲಿಸಿದರೆ ಶಾಂತವೆನಿಸಿದ್ದ ಅರಬ್ಬೀ ಸಮುದ್ರದಲ್ಲೂ ತೀವ್ರ ಚಂಡಮಾರುತಗಳು ಹೆಚ್ಚಿವೆ. 2021ರ ಮೇ ತಿಂಗಳ ತೌಕ್ತೆ ಈ ಕರಾವಳಿಯ ಉದ್ದಕ್ಕೂ ಅಲೆಗಳನ್ನು ಮನೆಯಂಗಳಕ್ಕೆ ತಂದಿತ್ತು.

ಒಂದು ಕಡೆ ಕಡಲು, ಇನ್ನೊಂದು ಕಡೆ ಘಟ್ಟದ ನೆರೆ. 2019ರ ಆಗಸ್ಟ್‌ನಲ್ಲಿ ಕಾಳಿ, ಗಂಗಾವಳಿ ಎರಡೂ ಉಕ್ಕಿ ದಂಡೆಯ ಹಳ್ಳಿಗಳನ್ನು ಮುಳುಗಿಸಿದವು. 2021ರ ಜುಲೈಯಲ್ಲಿ ಗಂಗಾವಳಿ ಮತ್ತೆ ಉಕ್ಕಿತು. ಗುಡ್ಡಗಳೂ ಸುಮ್ಮನಿಲ್ಲ. 2009ರ ಅಕ್ಟೋಬರ್ 2ರಂದು ಕಾರವಾರ ಸಮೀಪದ ಕಡವಾಡದ ಝರಿವಾಡಾದಲ್ಲಿ ಗುಡ್ಡ ಕುಸಿದು 19 ಜನ ಸತ್ತರು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಗಂಗಾವಳಿಯೊಳಕ್ಕೆ ಜಾರಿತು. 11 ಜೀವಗಳು ಹೋದವು. ನದಿಯ ನೀರು ಗೋಡೆಯಂತೆ ಎದ್ದು ಆಚೆ ದಂಡೆಯ ಉಳುವರೆಯ ಮನೆಗಳಿಗೆ ಅಪ್ಪಳಿಸಿತು. ಹೆದ್ದಾರಿಗಾಗಿ ಗುಡ್ಡದ ಬುಡ ಕತ್ತರಿಸಿದ್ದು, ಎಡೆಬಿಡದೆ ಸುರಿದ ಮಳೆ ಎರಡೂ ಆಗ ಚರ್ಚೆಗೆ ಬಂದವು. ಉಳುವರೆಯವರು ರಸ್ತೆ ಅಗಲ ಮಾಡಿದವರೂ ಅಲ್ಲ, ಭೂಮಿಯನ್ನು ಬಿಸಿ ಮಾಡಿದವರೂ ಅಲ್ಲ. ಹವಾಮಾನ ನ್ಯಾಯ ಎಂಬ ಮಾತಿಗೆ ಇದಕ್ಕಿಂತ ಹತ್ತಿರದ ಅರ್ಥವಿವರಣೆ ಸಿಗಲಾರದು.

ಈ ಎರಡು ತಾಲ್ಲೂಕುಗಳ ಜನ ದೇಶಕ್ಕಾಗಿ ಕೊಟ್ಟದ್ದು ಕಡಿಮೆಯೇನಲ್ಲ. ಕಾಳಿಯ ಒಂದು ಅಣೆಕಟ್ಟು, ಕೈಗಾ ಅಣುಸ್ಥಾವರ, ಸೀಬರ್ಡ್ ನೌಕಾನೆಲೆ ಎಲ್ಲವೂ ಇಲ್ಲಿನ ನೆಲದ ಮೇಲೆಯೇ ಎದ್ದವು. 1986ರಲ್ಲಿ ಶಂಕುಸ್ಥಾಪನೆಯಾದ ನೌಕಾನೆಲೆಗಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಊರು ಬಿಟ್ಟವು. ಅವರಲ್ಲಿ ಅನೇಕರು ಸರಿಯಾದ ಪರಿಹಾರಕ್ಕಾಗಿ ದಶಕಗಳ ಕಾಲ ಕೋರ್ಟಿನ ಮೆಟ್ಟಿಲು ಹತ್ತಿಳಿದರು. ಪರಿಹಾರವೆಂಬುದು ತಡವಾಗಿ, ತುಂಡುತುಂಡಾಗಿ ಬಂದರೆ ಏನಾಗುತ್ತದೆ ಎಂಬುದನ್ನು ಇಲ್ಲಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಣ ಇದೆ, ದಾರಿ ಇಲ್ಲ

ಹಾಗಾದರೆ ಒಡ್ಡು ಒಡೆದ ಊರಿಗೆ ಈಗ ಯಾವ ಹಣ ಬರುತ್ತದೆ? ಮೊದಲನೆಯದು ವಿಕೋಪ ಪರಿಹಾರ. 2022–26ರ ಅವಧಿಗೆ ಕೇಂದ್ರ ಗೊತ್ತುಮಾಡಿದ ನಿಯಮದಂತೆ ಮಳೆಯಾಶ್ರಿತ ಬೆಳೆ ಹಾಳಾದರೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಹೆಚ್ಚೆಂದರೆ ಎರಡು ಹೆಕ್ಟೇರಿಗೆ. ಈ ಹಣ ಹೋಗುವುದು ಪಹಣಿಯಲ್ಲಿ ಹೆಸರಿರುವವರಿಗೆ, ಬೆಳೆ ನಿಂತಿದ್ದ ನೆಲಕ್ಕೆ. ಉಪ್ಪು ನುಗ್ಗಿ ಎರಡು ವರ್ಷದಿಂದ ಪಾಳುಬಿದ್ದ ಗಜನಿಯಲ್ಲಿ ಬೆಳೆಯೇ ಇಲ್ಲ, ಆದ್ದರಿಂದ ಬೆಳೆನಷ್ಟವೂ ಇಲ್ಲ. ಅಳಿವೆಯಲ್ಲಿ ಬಳಚು ಆರಿಸಿ ಮಾರುವ ಹೆಂಗಸಿಗೆ, ಗಜನಿಯ ಅಂಚಿನಲ್ಲಿ ಬಲೆ ಬೀಸುವವನಿಗೆ ಪಹಣಿಯೇ ಇಲ್ಲ. ಹತ್ತಾರು ಮನೆಗಳಿಗೆ ಬಿಡಿಬಿಡಿಯಾಗಿ ಹಂಚಿಹೋದ ಕೆಲವು ಸಾವಿರ ರೂಪಾಯಿಗಳಿಂದ ಒಂದು ಮಾರು ಒಡ್ಡೂ ಮೇಲೇಳುವುದಿಲ್ಲ.

ಎರಡನೆಯದು ಕಾಮಗಾರಿ. ಇದರಲ್ಲಿ ಅಂದಾಜುಪಟ್ಟಿ, ಮಂಜೂರಾತಿ, ಟೆಂಡರು, ಗುತ್ತಿಗೆ ಎಂಬ ಮೆಟ್ಟಿಲುಗಳಿವೆ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕು, ಆದ್ದರಿಂದ ಮೆಟ್ಟಿಲುಗಳು ತಪ್ಪಲ್ಲ. ಆದರೆ ಒಡ್ಡಿನ ಬಾಯಿ ಒಂದು ಪಕ್ಷದೊಳಗೆ ಮುಚ್ಚಬೇಕು, ಕಡತ ಒಂದು ಪಕ್ಷದಲ್ಲಿ ಮೇಜು ದಾಟುವುದೂ ಕಷ್ಟ. ಏಡಿಯ ಬಿಲ ಮುಚ್ಚಲು ಒಂದು ದಿನದ ಕೂಲಿ ಸಾಕಾಗುವಾಗ ಆ ಹಣ ಇರುವುದಿಲ್ಲ. ಒಡ್ಡು ಪೂರ್ತಿ ಕೊಚ್ಚಿಹೋದ ಮೇಲೆ ದೊಡ್ಡ ಕಾಮಗಾರಿಗೆ ಹಣ ಮಂಜೂರಾಗುತ್ತದೆ.

ಕೆಟ್ಟ ಮೇಲೆ ಕೊಡುವ ಬದಲು ಕೆಡದಂತೆ ನೋಡಿಕೊಳ್ಳಲು ಹಣ ಇಡಬೇಕೆಂಬುದನ್ನು ಹದಿನೈದನೆಯ ಹಣಕಾಸು ಆಯೋಗ ಒಪ್ಪಿಕೊಂಡಿತು. 2021–26ರ ಅವಧಿಗೆ ರಾಜ್ಯಗಳ ವಿಕೋಪ ನಿಧಿಯಲ್ಲಿ ಶೇ 80ರಷ್ಟನ್ನು ಪರಿಹಾರಕ್ಕೂ ಶೇ 20ರಷ್ಟನ್ನು ಮುನ್ನೆಚ್ಚರಿಕೆಯ ಕೆಲಸಗಳಿಗೂ ಮೀಸಲಿಡಲು ಅದು ಹೇಳಿತು. ನದಿ ಮತ್ತು ಕರಾವಳಿಯ ಕೊರೆತ ತಡೆಗೆ ರಾಷ್ಟ್ರಮಟ್ಟದಲ್ಲಿ 1,500 ಕೋಟಿ ರೂಪಾಯಿ ಸೂಚಿಸಿತು. ಇನ್ನು ಜಾಗತಿಕ ಹಣವೂ ಇದೆ. ಹವಾಮಾನದ ಪೆಟ್ಟು ತಿಂದ ಬಡ ದೇಶಗಳಿಗಾಗಿ ‘ನಷ್ಟ ಮತ್ತು ಹಾನಿ’ ನಿಧಿ ಸ್ಥಾಪಿಸಲು 2022ರಲ್ಲಿ ಈಜಿಪ್ಟಿನ ಶರ್ಮ್ ಎಲ್ ಶೇಖ್‌ನಲ್ಲಿ ಒಪ್ಪಿಗೆಯಾಯಿತು. 2024ರಲ್ಲಿ ಬಾಕು ಸಭೆ 2035ರ ಹೊತ್ತಿಗೆ ವರ್ಷಕ್ಕೆ ಕನಿಷ್ಠ 30,000 ಕೋಟಿ ಡಾಲರ್ ಒದಗಿಸುವ ಗುರಿ ಹಾಕಿತು. ಹಸಿರು ಹವಾಮಾನ ನಿಧಿಯ ಹಣವನ್ನು ಭಾರತಕ್ಕೆ ತರಲು ಮಾನ್ಯತೆ ಪಡೆದ ಸಂಸ್ಥೆಗಳಲ್ಲಿ ನಬಾರ್ಡ್ ಒಂದು. ಇದೇ ನಿಧಿಯ ನೆರವಿನಿಂದ ಕರಾವಳಿ ಸಮುದಾಯಗಳಿಗಾಗಿ ರೂಪಿಸಿದ ಯೋಜನೆಯೊಂದು ಆಂಧ್ರಪ್ರದೇಶ, ಒಡಿಶಾ ಮತ್ತು ಮಹಾರಾಷ್ಟ್ರಗಳಲ್ಲಿ ನಡೆಯಿತು. ಕರ್ನಾಟಕ ಅದರಲ್ಲಿ ಇರಲಿಲ್ಲ.

ದೊಡ್ಡ ನಿಧಿಯಿಂದ ಸಣ್ಣ ಊರಿಗೆ ದಾರಿ ಎಷ್ಟು ಕಿರಿದು ಎಂಬುದನ್ನು ಲಂಡನ್ನಿನ ಅಂತರರಾಷ್ಟ್ರೀಯ ಪರಿಸರ ಮತ್ತು ಅಭಿವೃದ್ಧಿ ಸಂಸ್ಥೆ 2017ರಲ್ಲಿ ಲೆಕ್ಕ ಹಾಕಿತ್ತು. 2003ರಿಂದ 2016ರವರೆಗೆ ಅಂತರರಾಷ್ಟ್ರೀಯ ಹವಾಮಾನ ನಿಧಿಗಳು ಒಪ್ಪಿಕೊಂಡ ಹಣದಲ್ಲಿ ಸ್ಥಳೀಯ ಮಟ್ಟದ ಕೆಲಸಕ್ಕೆಂದು ಹೋದದ್ದು ಶೇ 10ಕ್ಕಿಂತ ಕಡಿಮೆ ಎಂಬುದು ಆ ಲೆಕ್ಕದ ಸಾರ. ಸಮುದ್ರದಷ್ಟು ನೀರಿದ್ದರೂ ಬೊಗಸೆಗೆ ಬರುವುದು ಹನಿ.

ಬೇರೆಡೆಯ ಅನುಭವ

ನೆದರ್ಲೆಂಡ್ಸ್ ದೇಶದ ಬಹುಭಾಗ ಗಜನಿಯಂಥದೇ ನೆಲ. ಅಲ್ಲಿ ಒಡ್ಡು, ಕಾಲುವೆಗಳನ್ನು ನೋಡಿಕೊಳ್ಳುವ ಜಲಮಂಡಳಿಗಳು ಹದಿಮೂರನೆಯ ಶತಮಾನದಿಂದ ಬಂದಿವೆ. ಒಡ್ಡಿನ ಹಿಂದೆ ಬದುಕುವವರೇ ಮತ ಹಾಕಿ ಮಂಡಳಿಗೆ ಸದಸ್ಯರನ್ನು ಆರಿಸುತ್ತಾರೆ, ಅದಕ್ಕೆಂದೇ ಪ್ರತ್ಯೇಕ ತೆರಿಗೆ ಕೊಡುತ್ತಾರೆ. ಆ ಹಣ ಬೇರೆ ಖರ್ಚಿಗೆ ಹೋಗುವಂತಿಲ್ಲ. ದೊಡ್ಡ ತಡೆಗೋಡೆಗಳಿಗೆ ಸರ್ಕಾರ ಹಣ ಹಾಕುತ್ತದೆ. ಈಗ ಇಂಥ 21 ಮಂಡಳಿಗಳಿವೆ.

ಶ್ರೀಮಂತ ದೇಶದ ಮಾತು ಬೇಡವೆಂದರೆ ಕೆನ್ಯಾ ಇದೆ. ಬರಪೀಡಿತ ಇಸಿಯೊಲೊ ಪ್ರದೇಶದಲ್ಲಿ ಆರಂಭವಾಗಿ ಬೇರೆಡೆಗೂ ಹರಡಿದ ಹವಾಮಾನ ನಿಧಿ ಪದ್ಧತಿಯಲ್ಲಿ ವಾರ್ಡ್ ಮಟ್ಟದ ಸಮಿತಿಯನ್ನು ಜನರೇ ಆರಿಸುತ್ತಾರೆ. ನೀರಿನ ಹೊಂಡ ಎಲ್ಲಿ ಬೇಕು, ಮೇವಿನ ನೆಲವನ್ನು ಹೇಗೆ ಕಾಯಬೇಕು ಎಂಬುದನ್ನು ಸಮಿತಿ ತೀರ್ಮಾನಿಸುತ್ತದೆ. ಮೇಲಿನವರ ಕೆಲಸ ತಾಂತ್ರಿಕ ಸಲಹೆ ಮತ್ತು ಲೆಕ್ಕ ತಪಾಸಣೆ. ಎರಡೂ ದೇಶಗಳ ಪಾಠ ಒಂದೇ: ಹಣ ಹೊರಗಿನಿಂದ ಬರಬಹುದು, ಎಲ್ಲಿ ಹಾಕಬೇಕೆಂಬ ತೀರ್ಮಾನ ಒಳಗಿನದಾಗಬೇಕು.

ಪಾಲುಗಾರಿಕೆಯ ನೆಲ

ಇದು ಇಲ್ಲಿನವರಿಗೆ ಅಪರಿಚಿತ ವಿದ್ಯೆಯಲ್ಲ. ಕಾರವಾರ, ಅಂಕೋಲಾ ತೀರದ ರಂಪಣಿ ಬಲೆ ಇಡೀ ಕೇರಿಯ ಬಂಡವಾಳದಿಂದ ಆಗುತ್ತಿತ್ತು. ಬಲೆಯ ತುಂಡು ತಂದವರಿಗೆ ಪಾಲು, ದೋಣಿಗೆ ಪಾಲು, ದಡದಲ್ಲಿ ಹಗ್ಗ ಎಳೆದವರಿಗೆ ಪಾಲು. 1970ರ ದಶಕದ ನಡುವೆ ಬ್ಯಾಂಕ್ ಸಾಲದ ನೆರವಿನಿಂದ ಪರ್ಸೀನ್ ಬೋಟುಗಳು ಬಂದವು. ಬಂಗಡೆ, ತಾರ್ಲೆಯ ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲಿ ಬಲೆಗೆ ಬಿತ್ತು, ರಂಪಣಿ ಬಡವಾಯಿತು. ಸಾಲ ಯಾರಿಗೆ ಸಿಗುತ್ತದೆ ಎಂಬುದೇ ಮೀನು ಯಾರಿಗೆ ಸಿಗುತ್ತದೆ ಎಂಬುದನ್ನೂ ನಿರ್ಧರಿಸಿತು. ಹಣಕಾಸಿನ ದಾರಿ ಬದಲಾದರೆ ಒಂದು ಸಮುದಾಯದ ರಚನೆಯೇ ಬದಲಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ಒಳ್ಳೆಯ ನಿದರ್ಶನಗಳೂ ಇವೆ. ಅಂಕೋಲಾದ ನೆರೆಯ ಸಾಣಿಕಟ್ಟಾದಲ್ಲಿ ಉಪ್ಪಿನ ಆಗರಗಳ ಮಾಲೀಕರು ಸಹಕಾರಿ ಸಂಘ ಕಟ್ಟಿಕೊಂಡು ಉಪ್ಪಿನ ಉದ್ಯಮವನ್ನು ಉಳಿಸಿಕೊಂಡರು. ಗಂಗಾವಳಿಯ ಮೇಲ್ಭಾಗವಾದ ಬೇಡ್ತಿಗೆ ಅಣೆಕಟ್ಟು ಬರುವುದಿದ್ದಾಗ, 1981ರ ಜನವರಿಯಲ್ಲಿ ಶಿರಸಿಯ ತೋಟಗಾರರ ಸಹಕಾರಿ ಸಂಘ ವಿಜ್ಞಾನಿಗಳನ್ನು ಕರೆಸಿ ಯೋಜನೆಯ ಲಾಭನಷ್ಟಗಳ ಚರ್ಚೆ ನಡೆಸಿತು. ಅಡಿಕೆ ಮಾರುವ ಸಂಘವೊಂದು ಕಣಿವೆಯ ಭವಿಷ್ಯದ ಲೆಕ್ಕಕ್ಕೆ ಮುಂದೆ ಬಂದದ್ದು ಸಣ್ಣ ಸಂಗತಿಯಲ್ಲ.

ಈ ಅನುಭವಗಳನ್ನು ಒಟ್ಟುಮಾಡಿದರೆ ಗಜನಿಗೆ ತಕ್ಕ ನಿಧಿಯ ರೂಪ ತಾನಾಗಿ ಮೂಡುತ್ತದೆ. ಪ್ರತಿ ಗಜನಿಗೂ ನೋಂದಾಯಿತ ಸಂಘ ಬೇಕು. ಮೀನಿನ ಹರಾಜಿನ ಒಂದು ಪಾಲು ಹಂಚಿಕೆಗೆ ಮೊದಲೇ ಒಡ್ಡಿನ ಖಾತೆಗೆ ಹೋಗಬೇಕು. ಊರು ಇಷ್ಟು ಇಟ್ಟರೆ ಸರ್ಕಾರದ ಮುನ್ನೆಚ್ಚರಿಕೆ ನಿಧಿಯಿಂದ ಅದರ ಹಲವು ಪಟ್ಟು ಅದೇ ಖಾತೆಗೆ ಬರಬೇಕು. ಸಣ್ಣ ದುರಸ್ತಿಗೆ ಸಂಘವೇ ಅಂದೇ ಹಣ ತೆಗೆಯುವಂತಿರಬೇಕು; ದೊಡ್ಡ ಕೆಲಸಕ್ಕೆ ಇಂಜಿನಿಯರರ ಒಪ್ಪಿಗೆ, ವರ್ಷಕ್ಕೊಮ್ಮೆ ಗ್ರಾಮಸಭೆಯಲ್ಲಿ ಲೆಕ್ಕ. ಒಡ್ಡಿನ ಹೊರಮೈಗೆ ಕಾಂಡ್ಲಾ ಗಿಡ ನೆಡುವುದು, ಕಗ್ಗದ ಬೀಜ ಕಾಪಿಡುವುದು ಇವೂ ಒಡ್ಡಿನ ಖರ್ಚೇ. ಕಾಂಡ್ಲಾ ಬೇರು ಅಲೆಯ ಹೊಡೆತ ತಡೆಯುತ್ತದೆ. ಅದಕ್ಕೆಂದು 2023–24ರ ಕೇಂದ್ರ ಬಜೆಟ್ಟಿನಲ್ಲಿ ‘ಮಿಷ್ಟಿ’ ಎಂಬ ಯೋಜನೆಯನ್ನೇ ಪ್ರಕಟಿಸಲಾಗಿತ್ತು.

ಎರಡು ಎಚ್ಚರಿಕೆ

ಇಲ್ಲಿ ಎರಡು ಅಪಾಯಗಳನ್ನು ಮರೆಯಬಾರದು. ಮೊದಲನೆಯದು ಸಮುದಾಯ ಎಂಬ ಮಾತಿನ ಮರೆಯಲ್ಲಿ ಅಡಗುವ ಅಸಮಾನತೆ. ಹಳೆಯ ಗಜನಿ ವ್ಯವಸ್ಥೆ ದಕ್ಷವಾಗಿತ್ತು, ಆದರೆ ಸಮಾನವಾಗಿರಲಿಲ್ಲ. ಒಡ್ಡಿಗೆ ಮಣ್ಣು ಹೊತ್ತವನಿಗೂ ಹರಾಜಿನ ಹಣ ಎಣಿಸಿದವನಿಗೂ ಅಂತರವಿತ್ತು. ಈಗಲೂ ನೆಲದ ಪಾಲಿನಂತೆಯೇ ಮತವೂ ಹಣವೂ ಹಂಚಿಕೆಯಾದರೆ ನೆಲವಿಲ್ಲದ ಬಳಚಿನ ಹೆಂಗಸರು, ಸಣ್ಣ ಬಲೆಯ ಮೀನುಗಾರರು, ಊರು ಬಿಟ್ಟು ಮುಂಬಯಿ ಸೇರಿದವರ ಗದ್ದೆ ಉಳುವವರು ಮತ್ತೆ ಹೊರಗೇ ಉಳಿಯುತ್ತಾರೆ. ಬಾಗಿಲು ತೆರೆಯುವ, ಮುಚ್ಚುವ ತೀರ್ಮಾನದಿಂದ ಬದುಕು ಬದಲಾಗುವ ಎಲ್ಲರಿಗೂ ಸಂಘದಲ್ಲಿ ಬಾಯಿ ಇರಬೇಕು. ಇಲ್ಲದಿದ್ದರೆ ಹೆಸರಷ್ಟೇ ನ್ಯಾಯವಾಗುತ್ತದೆ.

ಎರಡನೆಯದು ಇದಕ್ಕಿಂತ ದೊಡ್ಡದು. ‘ನಿಮ್ಮ ಒಡ್ಡು ನೀವೇ ನೋಡಿಕೊಳ್ಳಿ’ ಎಂದು ಕೈತೊಳೆದುಕೊಳ್ಳಲು ಸಮುದಾಯದ ಹೆಸರು ಅನುಕೂಲವಾಗಬಾರದು. ಏಡಿಯ ಬಿಲವನ್ನು ಊರು ಮುಚ್ಚಬಲ್ಲುದು. ಕಡಲಿನ ಏರಿಕೆಯನ್ನು, ಹೆದ್ದಾರಿಗೆ ಕಡಿದ ಗುಡ್ಡವನ್ನು, ಅಣೆಕಟ್ಟಿನಿಂದ ಬಿಟ್ಟ ನೀರನ್ನು ಮಂಜಗುಣಿಯ ರೈತ ತನ್ನ ಹರಾಜಿನ ಹಣದಿಂದ ತಡೆಯಲಾರ. ಊರಿನ ಪಾಲು ಊರಿಗೆ ತೀರ್ಮಾನದ ಹಕ್ಕು ತಂದುಕೊಡುವ ಹಣ. ಉಳಿದುದು ಅವರಿಗೆ ಸಲ್ಲಬೇಕಾದ ಬಾಕಿ. ಅದನ್ನು ತೀರಿಸಬೇಕಾದವರು ರಾಜ್ಯ, ದೇಶ ಮತ್ತು ಹೊಗೆ ಬಿಟ್ಟು ಸಿರಿವಂತವಾದ ಜಗತ್ತು.

ಅಂಕೋಲಾಕ್ಕೆ ಹಣ ಮತ್ತು ನ್ಯಾಯದ ಸಂಬಂಧ ಹೊಸದಲ್ಲ. 1930ರಲ್ಲಿ ಇಲ್ಲಿನ ಜನ ಕಡಲದಂಡೆಯಲ್ಲಿ ಉಪ್ಪು ಮಾಡಿ ಕಾನೂನು ಮುರಿದರು. ಮುಂದೆ ಕರನಿರಾಕರಣೆಯಲ್ಲಿ ಭೂಕಂದಾಯ ಕೊಡದೆ ಗದ್ದೆಗಳನ್ನೇ ಕಳೆದುಕೊಂಡರು. ತಾವು ಕೊಡುವ ಹಣದ ಮೇಲೆ ತಮ್ಮ ಮಾತು ನಡೆಯಬೇಕೆಂಬುದೇ ಆ ಹೋರಾಟದ ತಿರುಳು. ತಮಗೆ ಬರಬೇಕಾದ ಹಣದ ಮೇಲೂ ತಮ್ಮ ಮಾತು ನಡೆಯಬೇಕು ಎಂಬುದು ಇಂದಿನ ಪ್ರಶ್ನೆ. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಒಡ್ಡಿನ ಮೇಲೆ ನಡೆದುಹೋಗಿ ಬಿಲಗಳನ್ನು ನೋಡುವವರು ಇನ್ನೂ ಇದ್ದಾರೆ. ಎಲ್ಲಿ ಒಡೆಯುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿರುತ್ತದೆ. ಆ ತಿಳಿವಳಿಕೆ ಇರುವ ಕೈಗೆ ಮುಂದಿನ ಅಷ್ಟಮಿಯೊಳಗೆ ಹಣ ತಲುಪುವಂತೆ ಮಾಡುವುದೇ ಉಳಿದಿರುವ ಕೆಲಸ.